ಜೀವನಾಂಶದ ಆದೇಶ ಇದೆ, ವಸೂಲಿ ಮಾಡುವವರು ಯಾರು?

ಪ್ರತಿ ತಿಂಗಳು ಹತ್ತನೇ ತಾರೀಖು ಅಕ್ಕ ಎದ್ದ ತಕ್ಷಣ ಫೋನ್‌ನಲ್ಲಿ ಬ್ಯಾಂಕ್ ಖಾತೆ ನೋಡುತ್ತಾಳೆ. ಮಧ್ಯಾಹ್ನ ಇನ್ನೊಂದು ಸಲ. ರಾತ್ರಿ ಮಗಳು ಮಲಗಿದ ಮೇಲೆ ಮತ್ತೊಂದು ಸಲ. ದೂರ ಇರುವ ಅವಳ ಗಂಡ ಮಗುವಿಗೆ ತಿಂಗಳಿಗೆ 7,000 ರೂಪಾಯಿ ಕೊಡಬೇಕು ಅಂತ ಕೋರ್ಟಿನ ಆದೇಶ ಇದೆ. ಮೊದಲ ಮೂರು ತಿಂಗಳು ಬಂತು. ಆಮೇಲೆ ನಿಂತುಹೋಯಿತು.

ಅವಳ ಜೊತೆ ನಾನು ಕೋರ್ಟಿಗೆ ಓಡಾಡಲು ಶುರು ಮಾಡಿ ನಾಲ್ಕು ವರ್ಷ ಆಯಿತು. ಆದೇಶ ಬಂದ ದಿನ ಅಮ್ಮ ಪಾಯಸ ಮಾಡಿದ್ದರು. ಇನ್ನು ಮಗುವಿನ ಸ್ಕೂಲ್ ಫೀಸಿಗೆ ಯಾರ ಹತ್ತಿರವೂ ಕೈಚಾಚಬೇಕಿಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಆದರೆ ನಮ್ಮಲ್ಲಿ ಕೋರ್ಟು ಆದೇಶ ಕೊಡುತ್ತದೆ, ಅಷ್ಟೇ. ತಿಂಗಳು ತಿಂಗಳು ದುಡ್ಡು ಬಂತಾ ಇಲ್ಲವಾ ಅಂತ ನೋಡುವ ಕೆಲಸ ಯಾವ ಇಲಾಖೆಯದ್ದೂ ಅಲ್ಲ. ಬರಲಿಲ್ಲ ಅಂದರೆ ತಾಯಿಯೇ ಮತ್ತೆ ಅರ್ಜಿ ಹಾಕಬೇಕು, ವಕೀಲರನ್ನು ಹಿಡಿಯಬೇಕು, ರಜೆ ಹಾಕಬೇಕು, ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬೆಳಿಗ್ಗೆಯಿಂದ ಕೋರ್ಟ್ ಹಾಲಿನ ಹೊರಗೆ ಹೆಸರು ಕೂಗುವುದನ್ನೇ ಕಾಯುತ್ತಾ ಕೂರಬೇಕು.

ಕಾನೂನು ಗಟ್ಟಿಯಾಗಿಯೇ ಇದೆ. ಜೀವನಾಂಶಕ್ಕೆ ಹಿಂದೆ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 125ನೇ ಸೆಕ್ಷನ್ ಅನ್ನುತ್ತಿದ್ದೆವಲ್ಲ, 2024ರ ಜುಲೈ 1ರಿಂದ ಅದು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 144 ಆಗಿದೆ. ನೋಟಿಸ್ ತಲುಪಿದ 60 ದಿನದೊಳಗೆ ಆದಷ್ಟು ಮಟ್ಟಿಗೆ ಮಧ್ಯಂತರ ಜೀವನಾಂಶ (ಕೇಸು ಮುಗಿಯುವವರೆಗೆ ಕೊಡುವುದು) ತೀರ್ಮಾನ ಮಾಡಬೇಕು ಅಂತಿದೆ. ಬಾಕಿ ಉಳಿಸಿಕೊಂಡರೆ ವಸೂಲಿ ವಾರಂಟ್, ಆಮೇಲೂ ಕಟ್ಟದಿದ್ದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋಗಿ ಬಂದರೂ ಸಾಲ ಹೋಗುವುದಿಲ್ಲ, ದುಡ್ಡು ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1989ರಷ್ಟು ಹಿಂದೆ.

ನಮ್ಮ ವಾರಂಟ್ ಏನಾಯಿತು ಹೇಳುತ್ತೇನೆ. ಠಾಣೆಗೆ ಹೋಯಿತು. ‘ಆಸಾಮಿ ವಿಳಾಸದಲ್ಲಿ ಇಲ್ಲ’ ಅಂತ ಷರಾ ಬರೆದು ವಾಪಸ್ ಬಂತು. ಮುಂದಿನ ವಾಯಿದೆ ಎರಡು ತಿಂಗಳಿಗೆ. ಅವನು ಮನೆ ಬದಲಾಯಿಸಿದ್ದ. (ಭಾವ ಅಂತ ಕರೆಯಲು ಈಗ ನನಗೆ ಬಾಯಿ ಬರುವುದಿಲ್ಲ.) ಹೊಸ ವಿಳಾಸ ಹುಡುಕಿದ್ದು ಪೊಲೀಸರಲ್ಲ, ನಾವು. ಮತ್ತೆ ವಾರಂಟ್. ಈ ಸಲ ಅವನೇ ವಕೀಲರ ಜೊತೆ ಬಂದು 20,000 ಕಟ್ಟಿ, ಉಳಿದದ್ದಕ್ಕೆ ಟೈಮ್ ಕೇಳಿದ. ವಾರಂಟ್ ರದ್ದಾಯಿತು. ಮುಂದಿನ ತಿಂಗಳು ಮತ್ತೆ ಸೊನ್ನೆ. ಅಷ್ಟರಲ್ಲಿ ಮಗು ಎರಡನೇ ಕ್ಲಾಸಿನಿಂದ ನಾಲ್ಕಕ್ಕೆ ಹೋಗಿತ್ತು, ಶೂ ಮೂರು ಸಲ ಚಿಕ್ಕದಾಗಿತ್ತು.

ಇಂಗ್ಲೆಂಡಿನಲ್ಲಿ ಇದಕ್ಕೆ ಅಂತಲೇ ಸರ್ಕಾರಿ ಸಂಸ್ಥೆ ಇದೆ. 1993ರಲ್ಲಿ ಚೈಲ್ಡ್ ಸಪೋರ್ಟ್ ಏಜೆನ್ಸಿ ಅಂತ ಶುರುವಾಯಿತು, 2012ರಿಂದ ಅದರ ಜಾಗಕ್ಕೆ ಚೈಲ್ಡ್ ಮೆಂಟೆನೆನ್ಸ್ ಸರ್ವಿಸ್ ಬಂತು. ದೂರ ಇರುವ ತಂದೆಯ ಅಥವಾ ತಾಯಿಯ ಆದಾಯದ ಲೆಕ್ಕವನ್ನು ಅದು ತೆರಿಗೆ ಇಲಾಖೆಯಿಂದಲೇ ತೆಗೆದುಕೊಳ್ಳುತ್ತದೆ. ಕೊಡದವರ ಸಂಬಳದಿಂದ ಕಂಪನಿಯೇ ಹಿಡಿದು ಕಳಿಸುವ ಹಾಗೆ ಆದೇಶ ಮಾಡುತ್ತದೆ. ಅಲ್ಲೂ ಎಲ್ಲ ಸರಿ ಇಲ್ಲ. ಹಳೇ ಏಜೆನ್ಸಿಯ ಕಾಲದ ವಸೂಲಿಯಾಗದ ಬಾಕಿ 300 ಕೋಟಿ ಪೌಂಡ್ ದಾಟಿತ್ತು. ಸಂಸ್ಥೆಯೇ ವಸೂಲಿ ಮಾಡಿ ಕೊಟ್ಟರೆ ಕೊಡುವವರ ಮೇಲೆ 20 ಪರ್ಸೆಂಟ್ ಜಾಸ್ತಿ ಹಾಕುತ್ತದೆ, ಪಡೆಯುವವರಿಂದಲೂ 4 ಪರ್ಸೆಂಟ್ ಮುರಿದುಕೊಳ್ಳುತ್ತದೆ. ಮಗುವಿನ ದುಡ್ಡಿನಲ್ಲಿ ಆ 4 ಪರ್ಸೆಂಟ್ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಆದರೂ ವಸೂಲಿ ಅನ್ನುವುದು ತಾಯಿಯ ತಲೆಮೇಲೆ ಮಾತ್ರ ಬಿದ್ದಿಲ್ಲ, ಅಲ್ವಾ? ಜರ್ಮನಿಯಲ್ಲಂತೂ ತಂದೆ ಕೊಡದಿದ್ದರೆ ಸರ್ಕಾರವೇ ಮಗುವಿಗೆ ಮುಂಗಡ ಕೊಟ್ಟು, ಆಮೇಲೆ ಅವನಿಂದ ವಸೂಲಿ ಮಾಡುತ್ತದೆ. 2017ರಿಂದ ಅದನ್ನು 18 ವರ್ಷದವರೆಗೂ ವಿಸ್ತರಿಸಿದ್ದಾರೆ.

ನಮ್ಮಲ್ಲಿ ಆಗಲ್ಲ ಅಂತ ಯಾರೂ ಹೇಳಬೇಡಿ. 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿಯಲ್ಲಿ ಒಂದು ಕೋಟಿಗೂ ಜಾಸ್ತಿ ಹೆಣ್ಣುಮಕ್ಕಳ ಖಾತೆಗೆ 2,000 ರೂಪಾಯಿ ಹಾಕುವ ವ್ಯವಸ್ಥೆ ಕಟ್ಟಿದ್ದು ನಮ್ಮ ರಾಜ್ಯವೇ. ಸಂಬಳದಿಂದ ಪಿಎಫ್, ಟಿಡಿಎಸ್ ಹಿಡಿಯುವುದೂ ನಮಗೆ ಗೊತ್ತು. ಆದೇಶ ಆದ ದಿನವೇ ಅದರ ಪ್ರತಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಹೋಗಿ, ಒಂದು ತಿಂಗಳು ತಪ್ಪಿದರೂ ಅಲ್ಲಿಂದಲೇ ವಸೂಲಿ ಶುರುವಾಗಬೇಕು. ನಾನು ಕೇಳುವುದು ಇಷ್ಟೇ. ದಂಡ ವಸೂಲಿ ಮಾಡುವ ಹಾಗೆ, ಭೂಕಂದಾಯದ ಬಾಕಿ ಅಂತ ಡಿ.ಸಿ. ಮೂಲಕ ಈ ದುಡ್ಡನ್ನೂ ವಸೂಲಿ ಮಾಡಲು ಕಾನೂನಿನಲ್ಲಿ ದಾರಿ ಇದೆ. ನಾವು ಓಡಾಡಿದ ನಾಲ್ಕು ವರ್ಷದಲ್ಲಿ ಆ ದಾರಿಯ ಮಾತನ್ನು ಒಬ್ಬರೂ ಎತ್ತಲಿಲ್ಲ.

ಇದೇ ಕಷ್ಟದಲ್ಲಿ ಇರುವವರಿಗೆ ಒಂದೆರಡು ಮಾತು. ಬಾಕಿಗೆ ಅರ್ಜಿಯನ್ನು ಒಂದು ವರ್ಷದೊಳಗೆ ಹಾಕಿ, ಅದಕ್ಕಿಂತ ಹಳೆಯ ತಿಂಗಳಿಗೆ ಈ ಸೆಕ್ಷನ್ನಿನಲ್ಲಿ ವಾರಂಟ್ ಸಿಗುವುದಿಲ್ಲ. ಅಕ್ಕನಿಗೆ ಇದು ತಡವಾಗಿ ಗೊತ್ತಾಗಿ ಐದು ತಿಂಗಳ ದುಡ್ಡಿನ ವಾರಂಟ್ ತಪ್ಪಿತು. ವಕೀಲರ ಫೀಸಿಗೆ ಸಾಲ ಮಾಡಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಇಬ್ಬರೂ ಆಸ್ತಿ, ಆದಾಯದ ಅಫಿಡವಿಟ್ ಕೊಡಲೇಬೇಕು ಅಂತ 2020ರ ನವೆಂಬರಿನಲ್ಲಿ ರಜನೀಶ್ ವರ್ಸಸ್ ನೇಹಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎದುರಿನವರು ಕೊಟ್ಟಿಲ್ಲ ಅಂದರೆ ಸುಮ್ನೆ ಬಿಡಬೇಡಿ, ಕೇಳಿ.

ಜೀವನಾಂಶದ ಆದೇಶವನ್ನು ಸಿವಿಲ್ ಕೋರ್ಟಿನ ಹಣದ ಡಿಕ್ರಿ (ದುಡ್ಡು ಕೊಡಬೇಕು ಅನ್ನುವ ತೀರ್ಪು) ತರಹ ಜಾರಿ ಮಾಡಬಹುದು ಅಂತಲೂ ಅದೇ ತೀರ್ಪಿನಲ್ಲಿದೆ. ಅದನ್ನು ಹಿಡಿದು ಅಕ್ಕ ಈಗ ಹೊಸ ಅರ್ಜಿ ಹಾಕಿದ್ದಾಳೆ. ಅವನು ಕೆಲಸ ಮಾಡುವ ಕಂಪನಿಯೇ ಸಂಬಳದಿಂದ ಹಿಡಿದು ಕಳಿಸಲಿ ಅಂತ. ವಾಯಿದೆ ಮುಂದಿನ ತಿಂಗಳು ಇದೆ. ಮಗಳ ಹೆಸರಲ್ಲೇ ಖಾತೆ ತೆರೆದು ಪಾಸ್‌ಬುಕ್ಕನ್ನು ಕೋರ್ಟಿನ ಫೈಲಿನೊಳಗೆ ಇಟ್ಟಿದ್ದಾಳೆ.