ಗಾಡಿ ಎಣಿಸಿದರೆ ಸಾಲದು

ಊರಿನ ಓಡಾಟ ಲೆಕ್ಕ ಹಾಕುವ ಹಳೇ ಪದ್ಧತಿ 1950ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್, ಶಿಕಾಗೋಗಳಲ್ಲಿ ರೂಪುಗೊಂಡಿತು. ಎಷ್ಟು ಜನ ಹೊರಡುತ್ತಾರೆ, ಎಲ್ಲಿಗೆ, ಯಾವುದರಲ್ಲಿ, ಯಾವ ದಾರಿಯಲ್ಲಿ? ಇಷ್ಟೇ. ರಸ್ತೆ ಎಷ್ಟು ಅಗಲ ಬೇಕು ಅಂತ ತಿಳಿಯಲು ಅದು ಸಾಕಿತ್ತು.

ಈಗ ಸಾಲದು. ನಮ್ಮ ಬೆಳಗಾವಿಯನ್ನೇ ನೋಡಿ. ಉದ್ಯಮಬಾಗದ ಕಾರ್ಖಾನೆಗಳಿಗೆ ಶಿಫ್ಟಿಗೆ ಹೋಗುವವರಿದ್ದಾರೆ. ಮನೆಯಿಂದ ಹೊರಟು ಮಗುವನ್ನು ಶಾಲೆಗೆ ಬಿಟ್ಟು, ಸಂತೆ ಮಾಡಿ, ಆಸ್ಪತ್ರೆಯಲ್ಲಿರುವ ಅತ್ತೆಗೆ ಬುತ್ತಿ ಕೊಟ್ಟು ವಾಪಸ್ ಬರುವ ಹೆಂಗಸರಿದ್ದಾರೆ. ಹಳೇ ಲೆಕ್ಕಕ್ಕೆ ಇದು ನಾಲ್ಕು ಬೇರೆ ಬೇರೆ ಪ್ರಯಾಣ. ಹೊಸ ಮಾದರಿಗಳು ಒಬ್ಬೊಬ್ಬರ ಇಡೀ ದಿನವನ್ನು ಒಟ್ಟಾಗಿ ನೋಡುತ್ತವೆ. ನನಗೆ ಇದೇ ಸರಿ ಅನ್ನಿಸುತ್ತದೆ, ಯಾಕಂದ್ರೆ ನಡುವೆ ಒಂದು ಬಸ್ ತಪ್ಪಿದರೂ ಮುಂದಿನ ಎಲ್ಲ ಕೆಲಸ ಕೆಡುತ್ತದೆ, ಅಲ್ವಾ?

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ ಉಚಿತವಾಯಿತು. ಅದಕ್ಕೂ ಮುಂಚಿನ ಸರ್ವೆ ಇಟ್ಟುಕೊಂಡು ಮುಂದಿನ ಪ್ಲಾನ್ ಮಾಡುವುದು ಹೇಗೆ? ಅದಕ್ಕೇ ಈಗ ಒಂದೇ ಊಹೆ ನಂಬದೆ ಹಲವು ಸಾಧ್ಯತೆ ಹಾಕಿ ನೋಡುತ್ತಾರೆ. ಇ-ಸ್ಕೂಟರ್ ಜಾಸ್ತಿ ಆದರೆ? ಮನೆಯಿಂದಲೇ ಕೆಲಸ ಹೆಚ್ಚಾದರೆ? ಜನರ ಮೊಬೈಲ್ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವ ಮಾಹಿತಿಯನ್ನೂ ಸೇರಿಸುತ್ತಾರೆ, ಒಳ್ಳೆಯದೇ, ಆದರೆ ಫೋನ್ ಇಲ್ಲದ ಅಜ್ಜಿ ಅದರಲ್ಲಿ ಕಾಣುವುದಿಲ್ಲ. ಮನೆ ಮನೆಗೆ ಹೋಗಿ ಕೇಳುವುದನ್ನು ಬಿಡಲೇಬಾರದು. ಚನ್ನಮ್ಮ ವೃತ್ತದಲ್ಲಿ ಸುಮ್ನೆ ಗಾಡಿ ಎಣಿಸಿದರೆ, ಬಸ್ಸಿಲ್ಲ ಅಂತ ಮನೆಯಲ್ಲೇ ಉಳಿದವರು ಲೆಕ್ಕಕ್ಕೆ ಸಿಗುವುದಿಲ್ಲ.