ಟೂಲ್ ಯಾವುದೇ ಇರಲಿ, ಮೊದಲು ಕನ್ನಡ ಹಾಕಿ ನೋಡಿ

ನಾನು ಫ್ರೀಲ್ಯಾನ್ಸ್ ವೆಬ್ ಡೆವಲಪರ್ ಅಂದ ಕೂಡಲೇ ಬೆಂಗಳೂರಿನ ಗೆಳೆಯರು ಕೇಳುವ ಪ್ರಶ್ನೆ: ಯಾವ ಫ್ರೇಮ್‌ವರ್ಕ್ (ವೆಬ್‌ಸೈಟ್ ಕಟ್ಟುವ ಸಿದ್ಧ ಕೋಡ್)? ರಿಯಾಕ್ಟಾ, ವ್ಯೂನಾ, ಸ್ವೆಲ್ಟಾ? ಕಲಬುರಗಿಯಲ್ಲಿ ಕೂತು ಕೆಲಸ ಮಾಡುವ ನನಗೆ ಆ ಪ್ರಶ್ನೆಯಲ್ಲಿ ಈಗ ಅಷ್ಟು ಆಸಕ್ತಿ ಉಳಿದಿಲ್ಲ. ನನ್ನ ಗ್ರಾಹಕರು ಗಂಜ್‌ನ ಅಡತಿ ಅಂಗಡಿಯವರು, ದಾಲ್ ಮಿಲ್‌ನವರು, ಕೋಚಿಂಗ್ ಕ್ಲಾಸ್ ನಡೆಸುವವರು, ಬೀದರ್‌ನ ಒಬ್ಬ ಬಿದ್ರಿ ಕಲಾವಿದರು. ಅವರ ಪುಟಗಳ ತುಂಬ ಕನ್ನಡ. ಹಾಗಾಗಿ ನಾನು ಕೇಳುವುದು ಒಂದೇ: ಈ ಟೂಲ್‌ಗೆ ಕನ್ನಡ ಬರುತ್ತದಾ?

ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಇದೆಯಲ್ಲ, ಇನ್ನೇನು ಅಂತ ಕೇಳಬಹುದು. ಅಕ್ಷರ ಕಾಣಿಸುವುದು ಬೇರೆ, ಸರಿಯಾಗಿ ಕಾಣಿಸುವುದು ಬೇರೆ.

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತಲ್ಲ, ಅದನ್ನು ದೊಡ್ಡದಾಗಿ ಹಾಕಿಸಬೇಕು ಅಂತ ಒಬ್ಬ ಮಿಲ್ ಮಾಲೀಕರು ವೆಬ್‌ಸೈಟ್ ಕೇಳಿದರು. ಒಂದು ರೆಡಿಮೇಡ್ ಟೆಂಪ್ಲೇಟ್ ಅನ್ನು ಅವರೇ ದುಡ್ಡು ಕೊಟ್ಟು ತಂದಿದ್ದರು. ಇಂಗ್ಲಿಷ್ ಡೆಮೊದಲ್ಲಿ ಅದು ಚಂದವೇ ಇತ್ತು. ಅದರಲ್ಲಿ 'ಉತ್ಕೃಷ್ಟ ತೊಗರಿ ಬೇಳೆ' ಅಂತ ಹಾಕಿ ಫೋನ್ ಅವರ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ನೋಡಿದವರೇ, "ತಮ್ಮಾ, ಅಕ್ಷರದ ಕಾಲು ಕಡದಂಗ ಕಾಣಸ್ತದಲಾ?" ಅಂದರು. ನೂರಕ್ಕೆ ನೂರು ಸರಿ. ಲೈನ್-ಹೈಟ್ 1 ಇತ್ತು, ಅಂದರೆ ಸಾಲಿನ ಎತ್ತರ ಅಕ್ಷರದ ಅಳತೆಯಷ್ಟೇ. ಓವರ್‌ಫ್ಲೋ ಹಿಡನ್ ಇತ್ತು, ಅಂದರೆ ಚೌಕಟ್ಟು ಮೀರಿದ್ದು ಕಾಣಿಸುವುದಿಲ್ಲ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಅಷ್ಟು ಜಾಗ ಸಾಕು. ನಮ್ಮ ಒತ್ತುಗಳು ಗೆರೆಯ ಕೆಳಗೆ ಇಳಿಯುತ್ತವೆ, ಒಂದರ ಕೆಳಗೆ ಇನ್ನೊಂದು ಬರುವುದೂ ಉಂಟು. ಈಗ ಲೈನ್-ಹೈಟ್ ಶೀರ್ಷಿಕೆಗೆ 1.4, ಒಳಗಿನ ಬರಹಕ್ಕೆ 1.7 ಇಡುತ್ತೇನೆ. ಅಕ್ಷರಗಳ ನಡುವಿನ ಅಂತರಕ್ಕೆ ಮೈನಸ್ ಕೊಡುವುದು ಈಗಿನ ಫ್ಯಾಷನ್. ಅದನ್ನು ಕಂಡಲ್ಲಿ ತೆಗೆದುಹಾಕುತ್ತೇನೆ. ಹಾಗೆ ಬಿಟ್ಟರೆ ಕನ್ನಡದಲ್ಲಿ ಅಕ್ಷರಗಳು ಒಂದರ ಮೈಮೇಲೆ ಇನ್ನೊಂದು ಹತ್ತಿ ಕೂರುತ್ತವೆ.

ಇದು ಕಣ್ಣಿಗೆ ಕಾಣುವ ತೊಂದರೆ. ಕೋಡಿನ ಒಳಗೆ ಇರುವುದು ಇನ್ನೂ ಜಾಸ್ತಿ. 'ರಾಷ್ಟ್ರೀಯ' ಅನ್ನುವ ಪದ ತಗೊಳ್ಳಿ. ಶಾಲೆಗೆ ಹೋಗುವ ಮಗುವನ್ನು ಕೇಳಿದರೆ ಮೂರು ಅಕ್ಷರ ಅನ್ನುತ್ತದೆ: ರಾ, ಷ್ಟ್ರೀ, ಯ. ಜಾವಾಸ್ಕ್ರಿಪ್ಟ್‌ನಲ್ಲಿ ಅದರ ಲೆಂತ್ (ಉದ್ದ) 9. ರ, ಕಾ-ಗುಣಿತದ ಇಳಿ, ಷ, ವಿರಾಮ (ಅರ್ಧಾಕ್ಷರದ ಗುರುತು '್'), ಟ, ವಿರಾಮ, ರ, ದೀರ್ಘ, ಯ ಅಂತ ಬಿಡಿಬಿಡಿಯಾಗಿ ಎಣಿಸುತ್ತದೆ. ಬ್ಲಾಗ್ ಕಾರ್ಡ್‌ನಲ್ಲಿ ಮೊದಲ ನೂರು ಅಕ್ಷರ ತೋರಿಸಿ ಚುಕ್ಕಿ ಇಡುವ ಕೋಡ್ ಎಲ್ಲರ ಹತ್ತಿರವೂ ಇರುತ್ತದೆ. ಆ ಕತ್ತರಿ ಷ್ಟ್ರೀ ನಡುವೆ ಬಿದ್ದರೆ 'ರಾಷ್' ಅಂತ ನಿಂತುಬಿಡುತ್ತದೆ. ಎಐ ಹತ್ತಿರ ಬರೆಸಿದರೂ ನನಗೆ ಬಹಳ ಸಲ ಇದೇ ಕೋಡ್ ಸಿಕ್ಕಿದೆ. ಕನ್ನಡಕ್ಕೆ ಅಂತ ಬಿಡಿಸಿ ಹೇಳಿದರೆ ಮಾತ್ರ ದಾರಿಗೆ ಬರುತ್ತದೆ. ನಾನು ಈಗ ಎಣಿಸುವ ಗೋಜಿಗೇ ಹೋಗುವುದಿಲ್ಲ. ಪುಟದ ವಿನ್ಯಾಸ ಹೇಳುವ ಸಿಎಸ್‌ಎಸ್‌ನಲ್ಲಿ ಸಾಲುಗಳಿಗೆ ಮಿತಿ ಹಾಕುವ ಲೈನ್-ಕ್ಲ್ಯಾಂಪ್ ಇಟ್ಟು ಮೂರು ಸಾಲಿಗೆ ನಿಲ್ಲಿಸುತ್ತೇನೆ. ಕತ್ತರಿಸುವ ಕೆಲಸ ಬ್ರೌಸರ್‌ದು.

ಎಸ್‌ಎಂಎಸ್‌ನಲ್ಲೂ ಇದೇ ಲೆಕ್ಕ. ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಅಕ್ಷರ, ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ 70. ಅದರಲ್ಲಿ 'ರಾಷ್ಟ್ರೀಯ'ವೇ ಒಂಬತ್ತನ್ನು ತಿನ್ನುತ್ತದೆ. ಫೀಸ್ ನೆನಪಿಸುವ ಸಂದೇಶ ಎರಡು ಮೂರು ಮೆಸೇಜಿನ ದುಡ್ಡು ಎಳೆಯುವುದು ಇದಕ್ಕೇ.

ಬಿದ್ರಿ ಕಲಾವಿದರ ವ್ಯಾಪಾರ ಹೆಚ್ಚಾಗಿ ವಾಟ್ಸಾಪ್‌ನಲ್ಲಿ. ಸತು-ತಾಮ್ರದ ಕಪ್ಪು ಹೂದಾನಿ, ಮೇಲೆ ಬೆಳ್ಳಿ ಬಳ್ಳಿ. ಫೋಟೊ ನೋಡಿದರೇ ಅರ್ಧ ವ್ಯಾಪಾರ ಆದಂತೆ. ಕೆಳಗೆ ಲಿಂಕ್ ಹಾಕುತ್ತಾರೆ. ವಿಳಾಸದಲ್ಲಿ 'ಬಿದ್ರಿ-ಹೂದಾನಿ' ಅಂತ ಕನ್ನಡದಲ್ಲೇ ಇಟ್ಟರೆ, ಕಾಪಿ ಮಾಡಿದಾಗ ಅದು ಪರ್ಸೆಂಟ್ ಗುರುತುಗಳ ಸಾಲಾಗಿಬಿಡುತ್ತದೆ. ಒಂದೊಂದು ಕನ್ನಡ ಚಿಹ್ನೆಗೆ ಒಂಬತ್ತು ಗುರುತು. ಈ ಪುಟ್ಟ ಹೆಸರಿಗೇ 109. ಓದಿದವರು ವೈರಸ್ ಲಿಂಕ್ ಇರಬೇಕು ಅಂದುಕೊಂಡರೆ ತಪ್ಪೇನು? ವೆಬ್‌ಸೈಟ್ ನಡೆಸುವ ವರ್ಡ್‌ಪ್ರೆಸ್‌ನಲ್ಲಿ ಸ್ಲಗ್‌ಗೆ, ಅಂದರೆ ವಿಳಾಸದಲ್ಲಿ ಬರುವ ಪುಟದ ಹೆಸರಿಗೆ, 200 ಗುರುತುಗಳ ಮಿತಿ ಬೇರೆ ಇದೆ. ಅಂದರೆ ಹೆಚ್ಚುಕಡಿಮೆ 22 ಕನ್ನಡ ಚಿಹ್ನೆ, ಮುಂದಿನದು ಕಟ್. ಕನ್ನಡದ ಅಭಿಮಾನ ನನಗೂ ಇದೆ, ಆದರೆ ಸ್ಲಗ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತೇನೆ. ಬೈಯುವವರು ಬೈಯಲಿ.

ಬಿಲ್‌ಗಳನ್ನು ಪಿಡಿಎಫ್ ಮಾಡಿಕೊಡುವ ಲೈಬ್ರರಿಗಳದ್ದು (ಸಿದ್ಧ ಕೋಡ್‌ಗಳದ್ದು) ಇನ್ನೊಂದು ಕಥೆ. ಕನ್ನಡ ಫಾಂಟ್ ಸೇರಿಸಬಹುದು ಅನ್ನುತ್ತವೆ, ಸೇರಿಸಿದರೆ 'ರಾಷ್‌ಟ್‌ರೀಯ' ಅಂತ ಬರುತ್ತದೆ. ಫಾಂಟ್ ಇದ್ದರೆ ಸಾಲದು, ಒತ್ತನ್ನು ಕೆಳಗೆ ಕೂರಿಸುವ ಶೇಪಿಂಗ್ ಎಂಜಿನ್ ಬೇಕು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಎಲ್ಲದರಲ್ಲೂ ಆ ಕೆಲಸ ಮಾಡುವುದು ಹಾರ್ಫ್‌ಬಜ್. ಹಾಗಿದ್ದ ಮೇಲೆ ಬಿಲ್ಲನ್ನೂ ಸಾದಾ ಎಚ್‌ಟಿಎಂಎಲ್‌ನಲ್ಲಿ ಬರೆದು, ಕ್ರೋಮ್ ಅನ್ನು ಕೋಡ್‌ನಿಂದ ನಡೆಸುವ ಪಪಟಿಯರ್ ಮೂಲಕ ಕ್ರೋಮ್‌ಗೇ ಪ್ರಿಂಟ್ ಮಾಡಲು ಹೇಳುವುದು ಸುಲಭ ಅಲ್ವಾ? ಸರ್ವರ್‌ಗೆ ಸ್ವಲ್ಪ ಭಾರ, ಪರವಾಗಿಲ್ಲ.

ಫಾಂಟ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಆಂಡ್ರಾಯ್ಡ್ ಫೋನ್‌ಗಳಲ್ಲಿ ನೋಟೊ ಕನ್ನಡ ಸಾಮಾನ್ಯವಾಗಿ ಇರುತ್ತದೆ, ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಇದೆ. ಇದ್ದದ್ದನ್ನೇ ಬಳಸಿದರೆ ಪುಟ ಬೇಗ ತೆರೆಯುತ್ತದೆ. ಟೆಂಪ್ಲೇಟ್‌ನ ಮೊದಲ ಸಾಲಿನಲ್ಲಿ ಭಾಷೆ ಇಂಗ್ಲಿಷ್ ಅಂತ ಇರುತ್ತದೆ, ಅದನ್ನು ಕನ್ನಡಕ್ಕೆ ಬದಲಿಸಿ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರ್ ಯಾವ ಧ್ವನಿಯಲ್ಲಿ ಓದಬೇಕು ಅಂತ ತಿಳಿಯುವುದು ಅಲ್ಲಿಂದ.

ಗ್ರಾಹಕರು ಕೊಡುವ ಬರಹ ಬಹಳ ಸಲ ಡಿಟಿಪಿ ಅಂಗಡಿಯಿಂದ ಹಳೆಯ ನುಡಿ ಫಾಂಟ್‌ನಲ್ಲಿ ಬರುತ್ತದೆ. ಪೇಸ್ಟ್ ಮಾಡಿದರೆ ಇಂಗ್ಲಿಷ್ ಗುರುತುಗಳ ಗೊಂದಲ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದು ಸಲ ಓದಿ. ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲು. ಎಡವುವುದು ಅಲ್ಲೇ.

ಕೋಚಿಂಗ್ ಕ್ಲಾಸ್‌ನವರ ಮೆಚ್ಚಿನ ಪದ ಅಂದರೆ 'ರ‍್ಯಾಂಕ್'. ಇದರಲ್ಲಿ ರ ಪೂರ್ತಿಯಾಗಿ ನಿಂತು ಯ ಒತ್ತಾಗಬೇಕು. ಅದಕ್ಕೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಇರುತ್ತದೆ. ಫಾರ್ಮ್‌ಗಳನ್ನು ಸ್ವಚ್ಛ ಮಾಡುವ ಕೆಲವು ಪ್ಲಗಿನ್‌ಗಳು ಕಾಣದ ಚಿಹ್ನೆಗಳನ್ನೆಲ್ಲ ಕಸ ಅಂತ ಗುಡಿಸಿಬಿಡುತ್ತವೆ. ಆಗ ಅದು 'ರ್ಯಾಂಕ್' ಆಗುತ್ತದೆ. ಹುಡುಕಾಟದಲ್ಲಿ ಉಲ್ಟಾ ಪೇಚು: ಹುಡುಗರು ಟೈಪ್ ಮಾಡುವಾಗ ಆ ಚಿಹ್ನೆ ಹಾಕುವುದಿಲ್ಲ, ಪುಟದಲ್ಲಿ ಅದು ಇರುತ್ತದೆ, ಎರಡೂ ಹೊಂದುವುದಿಲ್ಲ. ನಾನು ತೋರಿಸುವ ಬರಹದಲ್ಲಿ ಚಿಹ್ನೆ ಉಳಿಸುತ್ತೇನೆ, ಹುಡುಕುವ ಇಂಡೆಕ್ಸ್‌ನಲ್ಲಿ ಮಾತ್ರ ತೆಗೆಯುತ್ತೇನೆ.

ಟೆಂಪ್ಲೇಟ್‌ನಲ್ಲಿ ಜಾಗ ತುಂಬಿಸುವ ಲೋರೆಮ್ ಇಪ್ಸಮ್ ಅನ್ನುವ ಅರ್ಥವಿಲ್ಲದ ಬರಹ ಇದ್ದ ಜಾಗದಲ್ಲಿ, ಕನ್ನಡ ಸರಿಯಾಗಿ ಬರುತ್ತದಾ ಅಂತ ನೋಡಲು ನಾನು ಹಾಕುವ ಸಾಲು ಇದು. ಅರ್ಥ ಹುಡುಕಬೇಡಿ, ಸುಮ್ನೆ ಕಾಪಿ ಮಾಡಿಕೊಳ್ಳಿ: ಉತ್ಕೃಷ್ಟ ರಾಷ್ಟ್ರೀಯ ಸ್ವಾತಂತ್ರ್ಯ, ಸಾಮರ್ಥ್ಯ, ವಸ್ತ್ರ, ಜ್ಞಾನ, 1ನೇ ರ‍್ಯಾಂಕ್, ₹1,25,000.