ಇನ್ನೂರು ನಿಮಿಷಗಳ ಪಾಲು

ಅಮೆರಿಕದ ಒಂದು ಚಿಕ್ಕ ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಏಳು ಚಳಿಗಾಲಗಳಿಂದ ನಮ್ಮ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡದ ಪಂದ್ಯಗಳಿಗೆ ಸ್ಕೋರರ್ ಮೇಜಿನಲ್ಲಿ ಕೂರುತ್ತಿದ್ದೇನೆ. ಬದಲಿ ಆಟಗಾರ ಅಂಕಣಕ್ಕೆ ಇಳಿಯುವ ಮುನ್ನ ಬಂದು ಕಾಯುವುದು ನಮ್ಮ ಮೇಜಿನ ಮುಂದೆಯೇ. ಹಾರ್ನ್ ಊದುವವರೆಗೆ ಮೊದಲ ವರ್ಷದ ಹುಡುಗ ಷೂ ಅಡಿಯನ್ನು ಅಂಗೈಯಿಂದ ಒರೆಸುತ್ತಲೇ ಇರುತ್ತಾನೆ. ನಾಲ್ಕನೇ ವರ್ಷದವನು ಗಡಿಯಾರ ನೋಡಿ, ಎದುರು ತಂಡದ ಫೌಲ್ ಎಷ್ಟಾಯಿತು ಎಂದು ನನ್ನನ್ನು ಕೇಳುತ್ತಾನೆ. ಅನುಭವ ಎಂದರೆ ಏನೆಂಬುದು ನನಗೆ ಕಾಣಿಸುವುದು ಅಲ್ಲಿ.

ಲೆಕ್ಕ ಕಠಿಣವಲ್ಲ. ಪಂದ್ಯ 40 ನಿಮಿಷದ್ದು, ಅಂಕಣದಲ್ಲಿ ಐವರು. ಹಂಚಲು ಇರುವುದು 200 ನಿಮಿಷ. ಬೆಂಚಿನ ಮೇಲಿರುವವರನ್ನೂ ಸೇರಿಸಿದರೆ ನಮ್ಮಲ್ಲಿ ಪಾಲು ಕೇಳುವವರು ಹದಿನಾಲ್ಕು ಮಂದಿ. ಒಬ್ಬನಿಗೆ ಕೊಟ್ಟ ನಿಮಿಷ ಇನ್ನೊಬ್ಬನ ಕೈಯಿಂದ ತೆಗೆದದ್ದೇ ಆಗಿರುತ್ತದೆ.

ಕಳೆದ ವರ್ಷ ಜನವರಿಯ ಒಂದು ಸಂಜೆ ನನ್ನ ಮನಸ್ಸಿನಿಂದ ಹೋಗಿಲ್ಲ. ಆಟ ಶುರುವಾಗುವುದಕ್ಕೆ 10 ನಿಮಿಷ ಮೊದಲೇ ಮೊದಲ ಐವರ ಪಟ್ಟಿ ಸ್ಕೋರರ್ ಕೈಗೆ ಬರಬೇಕೆಂಬುದು ನಿಯಮ. ಪಟ್ಟಿ ಬಂತು. ಎರಡೂವರೆ ವರ್ಷ ತಪ್ಪದೆ ಮೊದಲ ಐವರಲ್ಲಿದ್ದ, ಚೆಂಡು ಸಾಗಿಸುವ ಗಾರ್ಡ್‌ನ ಹೆಸರು ಅದರಲ್ಲಿರಲಿಲ್ಲ. ಆಗಸ್ಟ್‌ನಲ್ಲಷ್ಟೇ ಕಾಲೇಜಿಗೆ ಬಂದ ಹುಡುಗನ ಹೆಸರಿತ್ತು. ಹಳಬ ನೀರು ಕುಡಿಯಲು ಬಂದವನು ನನ್ನ ಹೆಗಲ ಮೇಲಿಂದ ಬಗ್ಗಿ ಅದನ್ನು ಓದಿದ. ‘ಪ್ರೊಫೆಸರ್, ಇದು ಸರಿಯಾದ ಪಟ್ಟಿಯೇ?’ ಎಂದು ಕೇಳಿದ. ಹೌದು ಎಂದೆ. ಅವನು ಏನೂ ಹೇಳದೆ ಹೋಗಿ ಬೆಂಚಿನ ತುದಿಯಲ್ಲಿ ಕುಳಿತ. ಹೊಸಬನನ್ನು ಇಳಿಸಿದ ಕೋಚ್‌ನ ತೀರ್ಮಾನ ತಪ್ಪೆಂದು ನಾನು ಹೇಳುವುದಿಲ್ಲ, ಹುಡುಗ ನಿಜಕ್ಕೂ ಚುರುಕು. ಆದರೆ ನಾಲ್ಕು ವರ್ಷ ಬೆವರು ಹರಿಸಿದವನಿಗೆ ಆ ಮಾತನ್ನು ಹಿಂದಿನ ದಿನವೇ ಕೋಣೆಗೆ ಕರೆದು ಹೇಳಬೇಕಿತ್ತು. ಅದನ್ನು ನನ್ನ ಮೇಜಿನ ಮೇಲಿದ್ದ ಕಾಗದ ಹೇಳಬಾರದಿತ್ತು.

ಮೊದಲ ವರ್ಷದವರಿಗೆ ಯೋಗ್ಯತೆ ಇದೆಯೇ ಎಂಬ ಪ್ರಶ್ನೆ ಎಂದೋ ಮುಗಿದಿದೆ. 1972-73ರ ಋತುವಿಗಿಂತ ಮೊದಲು ದೊಡ್ಡ ಕಾಲೇಜುಗಳಲ್ಲಿ ಅವರು ಮುಖ್ಯ ತಂಡಕ್ಕೆ ಆಡುವಂತೆಯೇ ಇರಲಿಲ್ಲ. ಅವರದ್ದೇ ಬೇರೆ ತಂಡವಿರುತ್ತಿತ್ತು. ಆದರೂ 1965ರ ನವೆಂಬರ್‌ನಲ್ಲಿ ಯುಸಿಎಲ್‌ಎ ಎಂಬ ಲಾಸ್ ಏಂಜಲೀಸ್ ವಿಶ್ವವಿದ್ಯಾಲಯದ ಹೊಸಬರ ತಂಡ, ಸತತ ಎರಡು ವರ್ಷ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ತನ್ನದೇ ಕಾಲೇಜಿನ ಮುಖ್ಯ ತಂಡವನ್ನು 75-60ರಿಂದ ಸೋಲಿಸಿತು. ಆ ಹುಡುಗರಲ್ಲಿ ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಎಂದು ಹೆಸರಾದ ಲ್ಯೂ ಆಲ್ಸಿಂಡರ್ ಇದ್ದ.

ನಾನು ಮತ್ತೆ ಮತ್ತೆ ನೆನೆಯುವುದು 2015ರ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಶಿಪ್‌ನ ಫೈನಲ್ ಅನ್ನು. ಡ್ಯೂಕ್ ತಂಡ ವಿಸ್ಕಾನ್ಸಿನ್ ವಿರುದ್ಧ 68-63ರಿಂದ ಗೆದ್ದಿತು. ಆ 68ರಲ್ಲಿ 60 ಅಂಕ ಮೊದಲ ವರ್ಷದ ನಾಲ್ವರವು. ದ್ವಿತೀಯಾರ್ಧದಲ್ಲಿ ತಂಡ 9 ಅಂಕ ಹಿಂದೆ ಬಿದ್ದು, ಪ್ರಮುಖರು ಫೌಲ್‌ಗಳಲ್ಲಿ ಸಿಕ್ಕಿಕೊಂಡು ಹೊರಹೋಗುವ ಭೀತಿಯಲ್ಲಿದ್ದಾಗ, ಋತುವಿಡೀ ಪಂದ್ಯಕ್ಕೆ ಸರಾಸರಿ ಹತ್ತು ನಿಮಿಷವೂ ಸಿಗದಿದ್ದ ಗ್ರೇಸನ್ ಆಲನ್ ತಂಡವನ್ನು ಮೇಲೆತ್ತಿದ. ಬೆಂಚಿನಿಂದ ಎದ್ದು ಬಂದ ಅವನು ಪಂದ್ಯದಲ್ಲಿ ಒಟ್ಟು 16 ಅಂಕ ಗಳಿಸಿದ. ಎಲ್ಲರೂ ಅವನ ಬಗ್ಗೆ ಬರೆದರು, ಬರೆಯಬೇಕಾದ್ದೇ. ನನ್ನ ಕಣ್ಣು ನಿಂತದ್ದು ಮಾತ್ರ ನಾಲ್ಕನೇ ವರ್ಷದ ಕ್ವಿನ್ ಕುಕ್ ಮೇಲೆ. ಆ ಋತುವಿನಲ್ಲಿ ಅವನು ಚೆಂಡು ಹಿಡಿದು ಆಟ ನಡೆಸುವ ಪಾಯಿಂಟ್ ಗಾರ್ಡ್ ಸ್ಥಾನವನ್ನು ಹೊಸಬ ಟೈಯಸ್ ಜೋನ್ಸ್‌ಗೆ ಬಿಟ್ಟು ಪಕ್ಕಕ್ಕೆ ಸರಿದಿದ್ದ. ಫೈನಲ್‌ನಲ್ಲಿ ಕುಕ್ ಗಳಿಸಿದ್ದು 6 ಅಂಕ, ಜೋನ್ಸ್ 23. ಕುಕ್ ಚೆಂಡನ್ನು ಕೊಟ್ಟ, ಆದರೆ ಅಂಕಣ ಬಿಡಲಿಲ್ಲ. ನಿಮಿಷ ಹಂಚುವವರು ನೋಡಬೇಕಾದ ದಾರಿ ಇದು ಎಂದು ನನಗೆ ಅನ್ನಿಸುತ್ತದೆ.

ಅದೇ ಋತುವಿನಲ್ಲಿ ಕೆಂಟಕಿ ತಂಡ ಹತ್ತು ಮಂದಿಯನ್ನು ಐದೈದರ ಎರಡು ಗುಂಪು ಮಾಡಿ ಇಡಿಯಾಗಿ ಬದಲಿಸುತ್ತಿತ್ತು. ಡಿಸೆಂಬರ್‌ನಲ್ಲಿ ಆ ತಂಡದ ಅಲೆಕ್ಸ್ ಪಾಯ್ಥ್ರೆಸ್ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡ ಮೇಲೆ ಆ ವ್ಯವಸ್ಥೆ ಸಡಿಲವಾಯಿತು. ಅಷ್ಟೊಂದು ಪ್ರತಿಭೆ ಇದ್ದವರಿಗಷ್ಟೇ ಒಗ್ಗುವ ಪದ್ಧತಿ ಅದು.

ಎಷ್ಟು ನಿಮಿಷ ಎಂಬುದಕ್ಕಿಂತ ಯಾವ ನಿಮಿಷ, ಯಾರ ಜೊತೆ ಎಂಬುದು ದೊಡ್ಡದು. 20 ಅಂಕ ಮುಂದಿರುವಾಗ ಕೊನೆಯ ಮೂರು ನಿಮಿಷ ಕೊಟ್ಟರೆ ಹೊಸಬ ಕಲಿಯುವುದು ಬಹಳ ಕಡಿಮೆ. ಅಷ್ಟು ಹೊತ್ತಿಗೆ ಎದುರಾಳಿಯೂ ಆಟ ಬಿಟ್ಟಿರುತ್ತಾನೆ. ಮೊದಲಾರ್ಧದ ನಡುವೆ, ಅಂಕಗಳು ಹತ್ತಿರ ಹತ್ತಿರವಿರುವಾಗ, ‘ಎಡಕ್ಕೆ ಸ್ಕ್ರೀನ್!’ (ಎದುರಾಳಿ ಅಡ್ಡ ನಿಂತಿದ್ದಾನೆ) ಎಂದು ಹಿಂದಿನಿಂದ ಕೂಗಿ ಹೇಳುವ ಇಬ್ಬರು ಹಿರಿಯರ ನಡುವೆ ಅವನನ್ನು ಇಳಿಸಬೇಕು. ಒಂದು ಟರ್ನೋವರ್ ಮಾಡಿ ಚೆಂಡನ್ನು ಎದುರಾಳಿಗೆ ಕಳೆದುಕೊಂಡ ತಕ್ಷಣ ಹೊರಗೆ ಕರೆದರೆ ಮುಂದಿನ ಬಾರಿ ಅವನು ಚೆಂಡು ಮುಟ್ಟುವುದೇ ಬೆಂಚಿನ ಕಡೆ ಕಣ್ಣಿಟ್ಟು. ಕೊನೆಯ ಐದು ನಿಮಿಷ ಪಂದ್ಯ ತೂಗುಯ್ಯಾಲೆಯಲ್ಲಿದ್ದರೆ ನಾನಾಗಿದ್ದರೆ ಹಿರಿಯನನ್ನೇ ಇಡುತ್ತೇನೆ. ಅವನು ಹೆಚ್ಚು ಅಂಕ ಗಳಿಸುತ್ತಾನೆಂದಲ್ಲ. ಡಿಫೆನ್ಸ್‌ನಲ್ಲಿ ಎಲ್ಲಿ ನಿಲ್ಲಬೇಕೆಂದು ಅವನು ಯೋಚಿಸಬೇಕಾಗಿರುವುದಿಲ್ಲ.

ಈಗಂತೂ ದೊಡ್ಡ ಕಾಲೇಜುಗಳ ಹೊಸಬರಿಗೆ ಪಾಲು ಇನ್ನೂ ಕಿರಿದಾಗಿದೆ. 2021ರಲ್ಲಿ ಒಂದು ಸಲ, 2024ರಿಂದ ಎಷ್ಟು ಸಲ ಬೇಕಾದರೂ ಕಾಲೇಜು ಬದಲಿಸಿ ಕೂಡಲೇ ಆಡಬಹುದೆಂದು ನಿಯಮವಾದ ಮೇಲೆ, ಕೋಚ್‌ಗಳು ಬೇರೆಡೆ ಪಳಗಿದ ಹಿರಿಯರನ್ನು ತರುತ್ತಾರೆ. 2025ರ ಚಾಂಪಿಯನ್ ಫ್ಲಾರಿಡಾದ ಮೊದಲ ಐವರಲ್ಲಿದ್ದ ಮೂವರು ಗಾರ್ಡ್‌ಗಳೂ ಬೇರೆ ಕಾಲೇಜುಗಳಿಂದ ಬಂದ ಹಿರಿಯರು. ಬೆಂಚಿನಲ್ಲಿ ಕಾದು ಕಾದು ಬೇಸತ್ತ ಹುಡುಗ ವಸಂತ ಬರುತ್ತಲೇ ಬೇರೆ ಕಾಲೇಜಿನ ದಾರಿ ಹಿಡಿಯುತ್ತಾನೆ. ಅವನನ್ನು ದೂರಲು ನನಗೆ ಮನಸ್ಸಾಗುವುದಿಲ್ಲ.

ಈ ಋತುವಿನಿಂದ ನನ್ನ ಸ್ವಂತ ಪುಸ್ತಕದಲ್ಲಿ ಒಂದು ಕಾಲಂ ಹೆಚ್ಚಿಗೆ ಎಳೆದಿದ್ದೇನೆ: ಹೊಸಬ ಒಳಗಿದ್ದಾಗ ಅವನ ಜೊತೆ ಯಾವ ಹಿರಿಯರಿದ್ದರು, ಆ ಹೊತ್ತಿನಲ್ಲಿ ತಂಡದ ಅಂಕ ಏರಿತೇ ಇಳಿಯಿತೇ. ಕಳೆದ ಶನಿವಾರ ಪಂದ್ಯ ಮುಗಿದ ಮೇಲೆ ಆರು ಪಂದ್ಯಗಳ ಲೆಕ್ಕವನ್ನು ಕೋಚ್ ಮುಂದಿಟ್ಟೆ. ಅವರು ನಿಂತುಕೊಂಡೇ ಎರಡು ಸಲ ಓದಿದರು, ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು, ಬುಧವಾರದ ಪಂದ್ಯದ್ದನ್ನೂ ಬರೆದುಕೊಡುವಿರಾ ಎಂದು ಕೇಳಿದರು.